ಷರತ್ತು ಗಿರತ್ತು ಮಾಮೂಲಿ ಹಾಕ್ಬಿಡಿ ಅನ್ನೋರಿಗೆ: ಕರಾರಿನ ಷರತ್ತು ಓದೋದು ಹೇಗೆ, ಬರೆಸೋದು ಹೇಗೆ

ನಮ್ದು ಸಬ್ ರಿಜಿಸ್ಟ್ರಾರ್ ಆಫೀಸ್ ಎದುರುಗಡೆ ಒಂದು ಚಿಕ್ಕ ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಬೆಳಗ್ಗೆಯಿಂದ ಸಂಜೆವರೆಗೂ ಬಾಡಿಗೆ ಕರಾರು, ಕ್ರಯದ ಕರಾರು, ಭೋಗ್ಯದ ಪತ್ರ, ಅಫಿಡವಿಟ್ಟು ಇವನ್ನೇ ಟೈಪ್ ಮಾಡೋದು. ಷರತ್ತು ಅನ್ನೋ ಪದ ದಿನಕ್ಕೆ ಎಷ್ಟು ಸಲ ನನ್ನ ಬೆರಳ ಕೆಳಗೆ ಹಾದುಹೋಗುತ್ತೋ ಲೆಕ್ಕ ಇಲ್ಲ, ಆದ್ರೆ ಬರೋರೆಲ್ಲ ಹೇಳೋದು ಒಂದೇ ಮಾತು, "ಷರತ್ತು ಗಿರತ್ತು ಎಲ್ಲಾ ಮಾಮೂಲಿ ಹಾಕ್ಬಿಡಿ ಸಾರ್, ಬಸ್ಸಿಗೆ ಟೈಮಾಯ್ತು". ಮಾಮೂಲಿ ಅಂದ್ರೆ ಏನು ಅಂತ ಅವರಿಗೂ ಗೊತ್ತಿಲ್ಲ, ನಿಜ ಹೇಳ್ಬೇಕು ಅಂದ್ರೆ ಬಹಳ ವರ್ಷ ನನಗೂ ಗೊತ್ತಿರ್ಲಿಲ್ಲ, ಯಾರೋ ಯಾವತ್ತೋ ಮಾಡಿಟ್ಟ ಫೈಲು, ಹೆಸರು ಅಡ್ರೆಸ್ ಬಾಡಿಗೆ ಬದಲಾಯಿಸಿ ಪ್ರಿಂಟ್ ಕೊಡೋದು ಅಷ್ಟೇ.

ನಾನು ವಕೀಲ ಅಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ದೊಡ್ಡ ದುಡ್ಡಿನ ವ್ಯವಹಾರ ಇದ್ರೆ ವಕೀಲರ ಹತ್ರನೇ ಹೋಗಿ. ಆದ್ರೆ ಅಲ್ಲಿಗೆ ಹೋದಾಗ್ಲೂ ನಿಮ್ಮ ಪತ್ರದಲ್ಲಿ ಏನಿದೆ ಅಂತ ನಿಮಗೇ ಓದೋಕೆ ಬರ್ಲಿ ಅನ್ನೋದಕ್ಕೆ ಇಷ್ಟು ಬರೀತಾ ಇದೀನಿ.

ಮೊದಲು ಪದ

ಷರತ್ತು ಅರಬ್ಬಿ ಮೂಲದ ಪದ, ಫಾರಸಿ ಉರ್ದು ದಾರಿಯಲ್ಲಿ ನಮ್ಮ ಕಚೇರಿಗಳಿಗೆ ಬಂದು ಕೂತಿದೆ. ಹಿಂದಿಯವರ ಶರ್ತ್ ಇದೇ. ಆ ಕಡೆ ಬಾಜಿ ಕಟ್ಟೋದಕ್ಕೂ ಇದೇ ಪದ ನಡೆಯುತ್ತೆ, ನಮ್ಮಲ್ಲೂ ಬೆಳಗಾವಿ ವಿಜಯಪುರ ಕಡೆ ಎತ್ತಿನ ಗಾಡಿ ಓಟಕ್ಕೆ ಶರ್ಯತ್ತು ಅಂತಾರಲ್ಲ, ಅದು ಇದರ ಅಣ್ತಮ್ಮನೇ, ಮರಾಠಿ ಕಡೆಯಿಂದ ಬಂದಿದ್ದು. ಕೆಲವರು ಶರತ್ತು ಅಂತ ಬರೀತಾರೆ, ಅರ್ಥ ಆಗುತ್ತೆ, ಆದ್ರೆ ಸರ್ಕಾರಿ ಕಾಗದದಲ್ಲೂ ಪೇಪರಲ್ಲೂ ಓಡ್ತಿರೋದು ಷರತ್ತು, ಶರತ್ ಅಂದ್ರೆ ದಸರಾ ಟೈಮಿನ ಋತು ಆಗ್ಬಿಡುತ್ತೆ.

ಇದರ ಸುತ್ತಮುತ್ತ ಇರೋ ಪದಗಳನ್ನ ಜನ ಕಲಸಿಬಿಡ್ತಾರೆ. ಕರಾರು ಅಂದ್ರೆ ಇಡೀ ಒಪ್ಪಂದ, ಷರತ್ತು ಅಂದ್ರೆ ಅದರೊಳಗಿನ ಒಂದೊಂದು ಕಟ್ಟುಪಾಡು. ಹಂಗಂತ "ಒಂದು ಕರಾರಿನ ಮೇಲೆ ಬರ್ತೀನಿ" ಅಂದ್ರೆ ತಪ್ಪೇನಲ್ಲ, ಮಾತಲ್ಲಿ ಎರಡೂ ಒಂದೇ ಥರ ಓಡಾಡುತ್ತೆ. ನಿಬಂಧನೆ ಸಂಸ್ಕೃತದ್ದು, ಟೆಂಡರ್ ನೋಟೀಸಲ್ಲಿ "ಷರತ್ತು ಮತ್ತು ನಿಬಂಧನೆಗಳು" ಅಂತ ಜೋಡಿಯಾಗೇ ಬರುತ್ತೆ, ಇಂಗ್ಲಿಷಿನ ಟರ್ಮ್ಸ್ ಅಂಡ್ ಕಂಡೀಷನ್ಸ್ ಅನ್ನೋದಕ್ಕೆ ಜೋಡಿ ಬೇಕಿತ್ತು, ಹಾಕಿದ್ರು. ಷರಾ ಅನ್ನೋದು ಬೇರೇನೇ, ಅದು ಟಿಪ್ಪಣಿ, ಫೈಲಿನ ಪಕ್ಕ ಸಾಹೇಬ್ರು ಬರೆಯೋ ಒಂದು ಸಾಲು. "ತಹಶೀಲ್ದಾರ್ ಷರತ್ತು ಬರೆದ್ರು" ಅಂತ ಒಬ್ಬರು ಗಾಬರಿಯಾಗಿ ಬಂದಿದ್ರು, ನೋಡಿದ್ರೆ ಬರೆದಿದ್ದು ಷರಾ, "ಪರಿಶೀಲಿಸಿ ಮಂಡಿಸಿ" ಅಂತ, ಪಾಪ ಅದಕ್ಕೆ ಎರಡು ದಿನ ನಿದ್ದೆ ಕೆಟ್ಟಿತ್ತು.

ಇನ್ನು ಕಂಡೀಷನ್. ನಾವೆಲ್ಲ ಮಾತಾಡುವಾಗ ಷರತ್ತು ಅನ್ನೋದಕ್ಕಿಂತ ಕಂಡೀಷನ್ ಅನ್ನೋದೇ ಜಾಸ್ತಿ, ತೊಂದ್ರೆ ಏನಪ್ಪಾ ಅಂದ್ರೆ ಇಂಗ್ಲಿಷಲ್ಲಿ ಅದಕ್ಕೆ ಸ್ಥಿತಿ ಅನ್ನೋ ಅರ್ಥನೂ ಇದೆ. ಗಾಡಿ ಒಳ್ಳೇ ಕಂಡೀಷನ್ನಲ್ಲಿದೆ ಅಂದ್ರೆ ಅದು ಸ್ಥಿತಿ, ಷರತ್ತಲ್ಲ. ಈ ಮಷೀನ್ ಅನುವಾದ ಬಂದ ಮೇಲೆ "ವಾಹನವು ಉತ್ತಮ ಷರತ್ತಿನಲ್ಲಿದೆ", "ಹವಾಮಾನ ಷರತ್ತುಗಳು" ಅಂತ ಎಲ್ಲಾ ಓದಿದೀನಿ. ಒಬ್ಬರು ತಂದಿದ್ದ ಬಾಡಿಗೆ ಕರಾರಲ್ಲಿ "ಮನೆಯನ್ನು ಅದೇ ಷರತ್ತಿನಲ್ಲಿ ಹಿಂತಿರುಗಿಸತಕ್ಕದ್ದು" ಅಂತ ಇತ್ತು, ಮನೆ ಇದ್ದ ಸ್ಥಿತಿಯಲ್ಲೇ ವಾಪಸ್ ಕೊಡ್ಬೇಕು ಅಂತ ಅವರ ಉದ್ದೇಶ. ನಕ್ಕು ತಿದ್ದಿದೆ, ಆದ್ರೆ ಇಂಥ ಕಾಗದ ಹಿಡ್ಕೊಂಡು ಇಬ್ಬರು ಜಗಳಕ್ಕೆ ನಿಂತ್ರೆ ನಗು ಬರಲ್ಲ.

ಬಳಸೋ ರೀತಿ ಕಿವಿಗೆ ಬಿದ್ದೇ ಬರ್ಬೇಕು. ಮನೇಲಿ, ಅಂಗಡೀಲಿ ಷರತ್ತು ಹಾಕ್ತೀವಿ. ಕೋರ್ಟು, ಸರ್ಕಾರ ಷರತ್ತು ವಿಧಿಸುತ್ತೆ. ಮಾತುಕತೆಗೆ ಕೂತಾಗ ಎದುರಿನವರ ಮುಂದೆ ಷರತ್ತು ಒಡ್ತಾರೆ. ಅದಕ್ಕೆ ಒಪ್ಪಬಹುದು, ಮಣಿಯಬಹುದು, ಅದನ್ನ ಸಡಿಲಿಸಬಹುದು, ಮುರಿಯಬಹುದು, ಕಾಗದದಲ್ಲಿ ಆದ್ರೆ ಉಲ್ಲಂಘಿಸಬಹುದು. "ಷರತ್ತುಬದ್ಧ ಜಾಮೀನು" ಅಂತ ಪೇಪರಲ್ಲಿ ದಿನಾ ಬರುತ್ತೆ, ಬಿಡುಗಡೆ ಆಯ್ತು, ಆದ್ರೆ ಸಾಕ್ಷಿಗಳ ತಂಟೆಗೆ ಹೋಗಂಗಿಲ್ಲ, ಪಾಸ್‌ಪೋರ್ಟ್ ಒಪ್ಪಿಸ್ಬೇಕು, ಈ ಥರ. ಅದರ ಉಲ್ಟಾ ಬೇಷರತ್, "ಬೇಷರತ್ ಕ್ಷಮೆ", "ಬೇಷರತ್ ಬೆಂಬಲ", ಎರಡನೇದನ್ನ ರಾಜಕಾರಣಿಗಳ ಬಾಯಲ್ಲಿ ಕೇಳಿದ್ರೆ ನಂಬ್ಬೇಡಿ.

ಷರತ್ತಿಗೆ ಎರಡು ಕಾಲು

ಇಷ್ಟು ವರ್ಷ ಟೈಪ್ ಮಾಡಿ ನನಗೆ ಗೊತ್ತಾದ ಒಂದೇ ಒಂದು ಅಳತೆಗೋಲು ಹೇಳ್ತೀನಿ, ಉಳಿದಿದ್ದೆಲ್ಲ ಅದರ ವಿಸ್ತಾರ ಅಷ್ಟೇ. ಷರತ್ತಿಗೆ ಎರಡು ಕಾಲಿರ್ಬೇಕು. ಒಂದು ಕಾಲು "ಹೀಗಾದ್ರೆ", ಇನ್ನೊಂದು ಕಾಲು "ಹೀಗೆ". ಗಂಗೆ ಶಂತನುಗೆ ಹಾಕಿದ ಷರತ್ತು ನೆನಪು ಮಾಡ್ಕೊಳ್ಳಿ, ನಾನು ಏನು ಮಾಡಿದ್ರೂ ಕೇಳಂಗಿಲ್ಲ, ಕೇಳಿದ ದಿನ ಬಿಟ್ಟು ಹೋಗ್ತೀನಿ. ಎರಡು ಕಾಲೂ ಗಟ್ಟಿ. ಏಳು ಮಕ್ಕಳನ್ನ ಹೊಳೆಗೆ ಬಿಟ್ಟಾಗ ಅವನು ಬಾಯಿ ಬಿಡಲಿಲ್ಲ, ಎಂಟನೇದಕ್ಕೆ ಕೇಳಿಬಿಟ್ಟ, ಅವಳು ಹೋದ್ಲು. ಒಂದು ಸಾಲಿನ ಷರತ್ತು, ಗೊಂದಲ ಇಲ್ಲ, ಕೋರ್ಟು ಬೇಡ.

ಈಗ ನಮ್ಮ ಕರಾರು ನೋಡಿ. "ಬಾಡಿಗೆದಾರರು ಪ್ರತಿ ತಿಂಗಳು ಸರಿಯಾದ ಸಮಯಕ್ಕೆ ಬಾಡಿಗೆ ಕೊಡತಕ್ಕದ್ದು". ಸರಿ, ಕೊಡ್ದೇ ಇದ್ರೆ? ಸರಿಯಾದ ಸಮಯ ಅಂದ್ರೆ 1ನೇ ತಾರೀಕಾ 10ನೇ ತಾರೀಕಾ? ಇದು ಒಂಟಿಕಾಲಿನ ಷರತ್ತು, ಅಂದ್ರೆ ಷರತ್ತೇ ಅಲ್ಲ, ಬುದ್ಧಿಮಾತು. ಅದನ್ನೇ "ಪ್ರತಿ ತಿಂಗಳ 5ನೇ ತಾರೀಕಿನೊಳಗೆ ಕೊಡತಕ್ಕದ್ದು, ಸತತ ಎರಡು ತಿಂಗಳು ತಪ್ಪಿದಲ್ಲಿ ಒಂದು ತಿಂಗಳ ನೋಟೀಸ್ ಕೊಟ್ಟು ಮನೆ ಖಾಲಿ ಮಾಡಿಸಲು ಮಾಲೀಕರಿಗೆ ಹಕ್ಕಿರುತ್ತದೆ" ಅಂತ ಬರೆದ್ರೆ ಆಗ ನಿಂತ್ಕೊಳ್ಳುತ್ತೆ. ಯಾರು ಮಾಡ್ಬೇಕು, ಏನು ಮಾಡ್ಬೇಕು, ಯಾವತ್ತಿನೊಳಗೆ, ಮಾಡ್ದಿದ್ರೆ ಏನು, ಈ ನಾಲ್ಕಕ್ಕೂ ಸಾಲಿನೊಳಗೇ ಉತ್ತರ ಸಿಗ್ಬೇಕು, ಸಿಗದಿದ್ರೆ ಟೈಪ್ ಮಾಡೋನಿಗೆ ಇಲ್ಲೊಂದು ಸಾಲು ಸೇರ್ಸಪ್ಪಾ ಅಂತ ಹೇಳೋಕೆ ಸಂಕೋಚ ಬೇಡ. ಸಂಕೋಚ ಪಡೋದ್ರಲ್ಲಿ ನಮ್ಮ ಜನ ಬಹಳ ಮುಂದೆ, ಎದುರಿಗೆ ಮಾಲೀಕರು ಕೂತಿರ್ತಾರೆ, ಕೇಳಿದ್ರೆ ಏನಂದ್ಕೋತಾರೋ ಅಂತ.

1872ರ ಭಾರತೀಯ ಕರಾರು ಕಾಯ್ದೆ ಇನ್ನೂ ಚಾಲ್ತೀಲಿದೆ, ಅದರ 29ನೇ ಸೆಕ್ಷನ್ ಹೇಳೋದು ಇದನ್ನೇ, ಅರ್ಥ ಖಚಿತ ಇಲ್ದಿರೋ, ಖಚಿತ ಮಾಡೋಕೂ ಆಗ್ದಿರೋ ಒಪ್ಪಂದ ನಿಲ್ಲಲ್ಲ ಅಂತ.

ಇತರೆ ಅನ್ನೋ ಪದ ನನಗೆ ಕಲಿಸಿದ ಪಾಠ

ಊರಿಗೆ ವಾಪಸ್ ಬಂದು ಅಂಗಡಿ ಇಡೋ ಮುಂಚೆ ಬೆಂಗಳೂರಲ್ಲಿ ನಾಲ್ಕು ವರ್ಷ ಇದ್ದೆ, ಬಾಡಿಗೆ 12,000, ಅಡ್ವಾನ್ಸ್ ಹತ್ತು ತಿಂಗಳದ್ದು 1,20,000. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಅನ್ನೋದು ಯಾವ ಕಾನೂನಲ್ಲೂ ಇಲ್ಲ, ರೂಢಿ ಅಷ್ಟೇ, ಆದ್ರೆ ಬಂದೋರೆಲ್ಲ ಕೊಟ್ಟೇ ಕೊಡ್ತೀವಿ. ಕರಾರಲ್ಲಿ ಹೀಗೊಂದು ಸಾಲಿತ್ತು: "ಮನೆ ಖಾಲಿ ಮಾಡುವಾಗ ಪೇಂಟಿಂಗ್ ಮತ್ತು ಇತರೆ ಖರ್ಚುಗಳನ್ನು ಮುಂಗಡ ಹಣದಲ್ಲಿ ಮುರಿದುಕೊಳ್ಳಲು ಬಾಡಿಗೆದಾರರ ಒಪ್ಪಿಗೆ ಇರುತ್ತದೆ". ಓದಿದ್ದೆ. ಪೇಂಟಿಂಗ್ ಅಂದ್ರೆ ಒಂದು ತಿಂಗಳ ಬಾಡಿಗೆ ಅಂತ ಎಲ್ಲರೂ ಹೇಳ್ತಾರಲ್ಲ, ಹಂಗೇ ಅಂದ್ಕೊಂಡು ಸಹಿ ಹಾಕಿದ್ದೆ. ಖಾಲಿ ಮಾಡೋ ದಿನ ಮಾಲೀಕರು ಒಂದು ಚೀಟಿ ಕೊಟ್ರು, ಪೇಂಟಿಂಗ್ 18,000, ಸಿಂಕಿನ ನಲ್ಲಿ, ಎರಡು ಬಾಗಿಲಿನ ಪಾಲಿಶ್, ಬಾತ್‌ರೂಮ್ ಟೈಲ್ಸ್ ಆಸಿಡ್ ವಾಶ್, ಗೀಸರ್ ಸರ್ವೀಸು, ಎಲ್ಲಾ ಸೇರಿ 31,000 ಚಿಲ್ಲರೆ. ಗೀಸರ್ ನಾನು ಬರೋ ಮುಂಚೆನೇ ಕೆಟ್ಟಿತ್ತು ಅಂದೆ. "ಇತರೆ ಅಂತ ಇದ್ಯಲ್ಲಪ್ಪಾ" ಅಂದ್ರು. ಕೂಗಾಡಿದೆ, ಪಕ್ಕದ ಮನೆಯವರು ಬಂದ್ರು, ಕೊನೆಗೆ ಎರಡು ಸಾವಿರ ಬಿಟ್ರು ಅನ್ನೋದು ಬಿಟ್ರೆ ಏನೂ ಗಿಟ್ಟಲಿಲ್ಲ. ಮನೆ ಸಾಮಾನು ಟೆಂಪೋದಲ್ಲಿ ಕೂತಿದೆ, ಡ್ರೈವರ್ ಹಾರ್ನ್ ಹೊಡೀತಾ ಇದಾನೆ, ಆ ಹೊತ್ತಲ್ಲಿ ಯಾರು ತಾನೇ ಕಾನೂನು ಮಾತಾಡ್ತಾರೆ.

ಅವತ್ತಿಂದ ಇತರೆ, ಇತ್ಯಾದಿ ಕಂಡ್ರೆ ನನಗೆ ಆಗಲ್ಲ. ನಮ್ಮ ಅಂಗಡಿ ಫಾರ್ಮ್ಯಾಟಲ್ಲಿ ಈಗ ಹೀಗಿದೆ: "ಮನೆ ಖಾಲಿ ಮಾಡುವ ಸಮಯದಲ್ಲಿ ಪೇಂಟಿಂಗ್ ಬಾಬ್ತು ರೂ. ಇಷ್ಟನ್ನು ಮಾತ್ರ ಮುಂಗಡ ಹಣದಲ್ಲಿ ಮುರಿದುಕೊಂಡು, ಉಳಿದ ಹಣವನ್ನು ಮನೆಯ ಕೀ ಒಪ್ಪಿಸಿದ ದಿನವೇ ಮಾಲೀಕರು ಹಿಂತಿರುಗಿಸತಕ್ಕದ್ದು. ಬಾಡಿಗೆದಾರರಿಂದ ಆದ ಒಡೆತ, ಮುರಿತ ಕಂಡುಬಂದಲ್ಲಿ ಅದರ ರಿಪೇರಿ ಬಿಲ್ ತೋರಿಸಿ ಮುರಿದುಕೊಳ್ಳಬಹುದು. ದಿನಬಳಕೆಯ ಸವೆತ ಇದಕ್ಕೆ ಸೇರುವುದಿಲ್ಲ". ಅದರಲ್ಲಿ "ಮಾತ್ರ" ಅನ್ನೋ ಎರಡಕ್ಷರ ನೋಡಿ, ಅದು ಬೇಲಿ. "ಬಾಡಿಗೆದಾರರಿಂದ ಆದ" ಅನ್ನೋದು ಇನ್ನೊಂದು ಬೇಲಿ. ಮಾಲೀಕರು ಯಾರಾದ್ರೂ ಇದ್ಯಾಕೆ ಇಷ್ಟುದ್ದ ಅಂದ್ರೆ ನಾನು ಟೆಂಪೋ ಕಥೆ ಹೇಳ್ತೀನಿ.

ಇನ್ನೂ ಕೆಲವು ಜಾರೋ ಪದಗಳಿವೆ. "ಆದಷ್ಟು ಬೇಗ", "ಸೂಕ್ತ ಕಾಲದಲ್ಲಿ", "ಕಾಲಕಾಲಕ್ಕೆ ತಕ್ಕಂತೆ", "ಮಾಲೀಕರ ವಿವೇಚನೆಗೆ ಬಿಟ್ಟದ್ದು". ಬಾಡಿಗೆ ಹೆಚ್ಚಳದ ಸಾಲಲ್ಲಿ ಕಾಲಕಾಲಕ್ಕೆ ಅಂತ ಇದ್ರೆ ತಕ್ಷಣ ಕೇಳಿ, ಎಷ್ಟು ಪರ್ಸೆಂಟು, 11 ತಿಂಗಳಿಗೊಂದು ಸಲಾನಾ ಅಂತ.

ಅಂದ್ಹಂಗೆ ಈ 11 ತಿಂಗಳು ಯಾಕೆ ಅಂತ ವಾರಕ್ಕೆ ಒಬ್ಬರಾದ್ರೂ ಕೇಳ್ತಾರೆ. ಒಂದು ವರ್ಷಕ್ಕಿಂತ ಮೇಲಿನ ಲೀಸ್ ಆದ್ರೆ 1882ರ ಆಸ್ತಿ ವರ್ಗಾವಣೆ ಕಾಯ್ದೆ, 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸ್ಲೇಬೇಕು, ಆ ಖರ್ಚು ಓಡಾಟ ಬೇಡ ಅಂತ 11 ತಿಂಗಳು ಬರೆಸ್ತಾರೆ. ನೋಟೀಸ್ ಪೀರಿಯಡ್ಡೂ ಹಂಗೇ, ಮನೆ ಅಂಗಡಿ ತಿಂಗಳ ಬಾಡಿಗೆಗೆ ಕರಾರಲ್ಲಿ ಏನೂ ಬರೀದೇ ಇದ್ರೆ ಆಸ್ತಿ ವರ್ಗಾವಣೆ ಕಾಯ್ದೆ 106ನೇ ಸೆಕ್ಷನ್ನಿನ ಲೆಕ್ಕ 15 ದಿನ. ಹದಿನೈದು ದಿನದಲ್ಲಿ ಮಕ್ಕಳ ಸ್ಕೂಲು ಬಿಡಿಸಿ ಮನೆ ಹುಡುಕೋಕೆ ಆಗುತ್ತಾ? ಅದಕ್ಕೇ ಎರಡು ತಿಂಗಳು ಅಂತ ಬರೆಸ್ಕೊಳ್ಳಿ, ಎರಡೂ ಕಡೆಗೂ ಅನ್ವಯ ಅಂತ ಸೇರ್ಸಿ, ಕೆಲವು ಕರಾರಲ್ಲಿ ಬಾಡಿಗೆದಾರ ಎರಡು ತಿಂಗಳು ಮುಂಚೆ ಹೇಳ್ಬೇಕು, ಮಾಲೀಕ ಮಾತ್ರ ಯಾವಾಗ ಬೇಕಾದ್ರೂ ಬಿಡಿಸಬಹುದು ಅಂತ ಇರುತ್ತೆ.

ದಂಡದ ಷರತ್ತು ಕಂಡ್ರೆ ಎದೆ ಒಡ್ಕೋಬೇಡಿ, ಹಂಗಂತ ನಗಬೇಡಿ. "ಖಾಲಿ ಮಾಡದಿದ್ದಲ್ಲಿ ದಿನಕ್ಕೆ ರೂ. 5,000 ದಂಡ" ಅಂತ ಬರೆದಾಕ್ಷಣ ಅಷ್ಟೂ ವಸೂಲಾಗುತ್ತೆ ಅಂತಲ್ಲ, ಕರಾರು ಕಾಯ್ದೆ 74ನೇ ಸೆಕ್ಷನ್ ಪ್ರಕಾರ ಕೋರ್ಟು ಕೊಡಿಸೋದು ನ್ಯಾಯವಾದ ಪರಿಹಾರ, ಬರೆದ ಮೊತ್ತ ಅದರ ಮೇಲಿನ ಮಿತಿ. ಆದ್ರೆ ಕೋರ್ಟಿಗೆ ಹೋಗೋವರೆಗೂ ಅಡ್ವಾನ್ಸ್ ಮಾಲೀಕರ ಕೈಲೇ ಇರುತ್ತಲ್ಲ, ಅದನ್ನ ಮರೀಬೇಡಿ.

ಪತ್ರದ ಕನ್ನಡ ಓದೋದು

ನಮ್ಮ ಪತ್ರಗಳ ಕನ್ನಡ ಬೇರೆ ಗ್ರಹದ್ದು ಅನ್ನಿಸುತ್ತೆ ನಿಜ. ಸದರಿ ಸ್ವತ್ತು ಅಂದ್ರೆ ಮೇಲೆ ಹೇಳಿದ ಆಸ್ತಿ, ಚಕ್ಕುಬಂದಿ ಅಂದ್ರೆ ನಾಲ್ಕು ದಿಕ್ಕಿನ ಗಡಿ, ಬಾಬ್ತು ಅಂದ್ರೆ ಇಂಥದ್ದರ ಲೆಕ್ಕಕ್ಕೆ, ವಾಯಿದೆ ಅಂದ್ರೆ ಗಡುವು, ಪರಭಾರೆ ಅಂದ್ರೆ ಬೇರೆಯವರಿಗೆ ವರ್ಗಾಯಿಸೋದು, ಹಳೇ ಪತ್ರದ ಕೊನೇಲಿ ಬಿಕ್ಕಲಂ ಅಂತ ಇರುತ್ತೆ, ಅದು ಬರೆದವನ ಹೆಸರು, ಈಗ ಆ ಜಾಗದಲ್ಲಿ ನನ್ನಂಥೋರು. ಪದ ಗೊತ್ತಿಲ್ದಿದ್ರೂ ಷರತ್ತು ಎಲ್ಲಿದೆ ಅಂತ ಹುಡುಕೋಕೆ ಒಂದು ಸುಲಭ ದಾರಿ ಇದೆ, ವಾಕ್ಯದ ಬಾಲ ನೋಡಿ. "ತಕ್ಕದ್ದು" ಅಂತ ಮುಗಿದ್ರೆ ಅದು ಮಾಡಲೇಬೇಕಾದ್ದು. "ಬಹುದು" ಅಂತ ಮುಗಿದ್ರೆ ಅವರಿಷ್ಟ, ನೀವು ಒತ್ತಾಯ ಮಾಡೋಕಾಗಲ್ಲ. "ರಿಪೇರಿ ಮಾಡಿಸಿಕೊಡಬಹುದು" ಅಂತ ಇದ್ರೆ ಸೂರು ಸೋರಿದಾಗ ಮಾಲೀಕರು ಮಾಡಿಸ್ದೇ ಇರಬಹುದು ಅಂತಲೂ ಅರ್ಥ. ಮಧ್ಯದಲ್ಲಿ "ತಪ್ಪಿದಲ್ಲಿ", "ತಪ್ಪಿದ ಪಕ್ಷದಲ್ಲಿ" ಬಂದ್ರೆ ಅದೇ ಎರಡನೇ ಕಾಲು, ಪೆನ್ಸಿಲಲ್ಲಿ ಗೆರೆ ಎಳ್ಕೊಳ್ಳಿ. "ಹೊರತುಪಡಿಸಿ", "ಒಳಪಟ್ಟು" ಬಂದ್ರೆ ಏನೋ ಒಂದನ್ನ ಹೊರಗಿಡ್ತಾ ಇದಾರೆ ಅಥವಾ ಇನ್ನೊಂದಕ್ಕೆ ಕಟ್ಟಿಹಾಕ್ತಾ ಇದಾರೆ ಅಂತ. ಸರ್ಕಾರಿ ಕಾಯ್ದೆ, ನಿಯಮ ಓದ್ತಾ ಇದ್ರೆ "ಪರಂತು" ಅಂತ ಬರುತ್ತೆ, ಅಲ್ಲಿ ಬ್ರೇಕ್ ಹಾಕಿ, ಅಲ್ಲೀವರೆಗೂ ಕೊಟ್ಟಿದ್ದನ್ನ ಅಲ್ಲಿಂದ ವಾಪಸ್ ತಗೊಳ್ಳೋಕೆ ಶುರು ಮಾಡ್ತಾರೆ.

ಕ್ರಯದ ಕರಾರಲ್ಲಿ ಈ ಬಾಲಗಳು ಇನ್ನೂ ಮುಖ್ಯ, ಯಾಕಂದ್ರೆ ಅಲ್ಲಿ ಲಕ್ಷಗಳ ಲೆಕ್ಕ. ಸೈಟಿಗೆ ಮುಂಗಡ ಕೊಟ್ಟು ಮೂರು ತಿಂಗಳ ವಾಯಿದೆ ಅಂತ ಬರೆಸ್ತಾರೆ, ಆ ಮೂರು ತಿಂಗಳಲ್ಲಿ ಖಾತೆ ಸರಿಮಾಡಿಸೋದು ಯಾರು, ಜಮೀನಾದ್ರೆ ಪೋಡಿ (ಅಳತೆ ಮಾಡಿಸಿ ಭಾಗ ಬೇರೆ ಮಾಡೋದು) ಮಾಡಿಸೋದು ಯಾರು, ಇಸಿಯಲ್ಲಿ, ಅಂದ್ರೆ ಋಣಭಾರ ಪತ್ರದಲ್ಲಿ, ಹಳೇ ಸಾಲ ಇದ್ರೆ ತೀರಿಸೋದು ಯಾರು ಅಂತ ಬರೆಸಲ್ಲ. ಬ್ಯಾಂಕ್ ಲೋನ್ ಮೇಲೆ ನಂಬಿಕೆ ಇಟ್ಕೊಂಡು ಮುಂಗಡ ಕೊಡ್ತಾ ಇದ್ರೆ "ಗೃಹಸಾಲ ಮಂಜೂರಾಗದಿದ್ದಲ್ಲಿ ಮುಂಗಡ ಹಣವನ್ನು ಇಷ್ಟು ದಿನದೊಳಗೆ ಪೂರ್ತಿ ಹಿಂತಿರುಗಿಸತಕ್ಕದ್ದು" ಅಂತ ಒಂದು ಸಾಲು ಇರ್ಲೇಬೇಕು, ಇಲ್ದಿದ್ರೆ ಲೋನ್ ಸಿಗದಿದ್ದು ನಿಮ್ಮ ತಲೆನೋವು. ವಾಯಿದೆ ತಾರೀಕು ಸ್ಪಷ್ಟವಾಗಿರ್ಲಿ, ಮಾರೋರು ಕೈಕೊಟ್ರೆ ಕ್ರಯ ಮಾಡಿಸಿಕೊಡಿ ಅಂತ ದಾವೆ ಹಾಕೋಕೆ ಇರೋ ಮೂರು ವರ್ಷದ ಲೆಕ್ಕ ಆ ತಾರೀಕಿಂದಾನೇ ಶುರು.

ಇನ್ನೊಂದು, ಸರ್ಕಾರದಿಂದ ಮಂಜೂರಾದ ಜಮೀನು ಕೊಳ್ಳೋರು ಕ್ರಯದ ಕರಾರು ಮಾತ್ರ ಓದಿದ್ರೆ ಸಾಲದು, ಮಂಜೂರು ಮಾಡಿದಾಗ ಕೊಟ್ಟ ಮೂಲ ಸಾಗುವಳಿ ಚೀಟಿ ತರಿಸಿ ಅದರ ಷರತ್ತು ಓದಿ. ಇಷ್ಟು ವರ್ಷ ಪರಭಾರೆ ಮಾಡಂಗಿಲ್ಲ ಅಂತ ಅಲ್ಲೇ ಬರೆದಿರುತ್ತೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದ್ರೆ ಅಂಥ ಜಮೀನಿನ ಪರಭಾರೆ ತಡೆಯೋ 1978ರ ಪಿಟಿಸಿಎಲ್ ಕಾಯ್ದೆ ಇದೆ, ಸರ್ಕಾರದ ಅನುಮತಿ ಇಲ್ದೇ ಕೊಂಡ್ರೆ ಆ ಕ್ರಯ ನಿಲ್ಲಲ್ಲ, ಜಮೀನು ವಾಪಸ್ ಹೋಗುತ್ತೆ. ಆ ಕಾಯ್ದೆ ಬಂದಿರೋದೇ ಅವರ ಜಮೀನನ್ನ ಪುಡಿಗಾಸಿಗೆ ಬರೆಸ್ಕೊಳ್ಳೋರು ಇದ್ರು ಅನ್ನೋದಕ್ಕೆ, ಸೋ ಇದನ್ನ ತೊಡಕು ಅನ್ನೋರ ಜೊತೆ ನಾನಿಲ್ಲ.

ದಾನಪತ್ರದಲ್ಲಿ ಷರತ್ತು ಬೇಕಾ

ಹೋದ ವರ್ಷ ಮಳೆಗಾಲದಲ್ಲಿ ಒಬ್ಬ ಅಜ್ಜ ಬಂದಿದ್ರು, ಎಪ್ಪತ್ತೈದು ದಾಟಿರ್ಬೇಕು, ಜೊತೇಲಿ ಮಗ, ಮಗನ ಕೈಲಿ ಬೈಕ್ ಕೀ ಗಿರ್ರ್ ಅಂತ ತಿರುಗ್ತಾ ಇದೆ. ಮನೆ ಮಗನ ಹೆಸರಿಗೆ ದಾನಪತ್ರ ಮಾಡ್ಬೇಕು. ಷರತ್ತು ಏನಾದ್ರೂ ಇದ್ಯಾ ಅಂತ ವಾಡಿಕೆಯಂತೆ ಕೇಳಿದೆ. ಮಗ ತಕ್ಷಣ "ಅಪ್ಪ ಮಗನ ಮಧ್ಯೆ ಷರತ್ತು ಗಿರತ್ತು ಏನ್ ಸಾರ್" ಅಂದ. ಅಜ್ಜ ನೆಲ ನೋಡ್ತಾ ಇದ್ರು. ನಾನು ಪ್ರಿಂಟರ್‌ಗೆ ಪೇಪರ್ ಹಾಕೋ ನೆಪದಲ್ಲಿ ಎದ್ದು, ಚಹಾ ಹೇಳಿ ಬರ್ತೀರಾ ಅಂತ ಮಗನ್ನ ಆಚೆ ಕಳಿಸ್ದೆ, ಆಮೇಲೆ ಅಜ್ಜನ್ನ ಕೇಳಿದೆ, ನಿಮ್ಮನ್ನ ಕೊನೇವರೆಗೂ ಆ ಮನೇಲೇ ಇಟ್ಕೊಂಡು ನೋಡ್ಕೋಬೇಕು ಅಂತ ಒಂದು ಸಾಲು ಹಾಕ್ಲಾ. ಅವರು "ಹಾಕಿದ್ರೆ ಅವನಿಗೆ ಬೇಜಾರಾಗಲ್ವಾ" ಅಂದ್ರು. ಹಾಕದಿದ್ರೆ ನಿಮಗೆ ಬೇಜಾರಾಗಲ್ವಾ ಅಂದೆ. ತುಂಬಾ ಹೊತ್ತು ಸುಮ್ಮನಿದ್ದು "ಹಾಕು, ಮೆಲ್ಲಗೆ ಹಾಕು" ಅಂದ್ರು, ಟೈಪ್ ಮಾಡೋದ್ರಲ್ಲಿ ಮೆಲ್ಲಗೆ ಏನು ಜೋರು ಏನು, ಆದ್ರೆ ಅರ್ಥ ಆಯ್ತು.

ಇದು ಸುಮ್ನೆ ಸೆಂಟಿಮೆಂಟ್ ಅಲ್ಲ. ದಾನಪತ್ರ ಒಂದ್ಸಲ ರಿಜಿಸ್ಟರ್ ಆದ್ರೆ ಮನಸ್ಸು ಬದಲಾಯ್ತು ಅಂತ ವಾಪಸ್ ತಗೊಳ್ಳೋಕೆ ಬರಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ 23ನೇ ಸೆಕ್ಷನ್ ಒಂದು ಬಾಗಿಲು ಇಟ್ಟಿದೆ, 60 ದಾಟಿದೋರು ತಮ್ಮ ಮೂಲ ಸೌಕರ್ಯ, ಅಗತ್ಯಗಳನ್ನ ನೋಡ್ಕೋಬೇಕು ಅನ್ನೋ ಷರತ್ತಿನ ಮೇಲೆ ಆಸ್ತಿ ಕೊಟ್ಟು, ತಗೊಂಡೋರು ನೋಡ್ಕೊಳ್ಳದೇ ಇದ್ರೆ ಆ ಪತ್ರ ರದ್ದು ಮಾಡಿಸಬಹುದು, ನಮ್ಮಲ್ಲಿ ಉಪವಿಭಾಗಾಧಿಕಾರಿ ಹತ್ರ ಅರ್ಜಿ ಕೊಡ್ಬೇಕು. ಅಲ್ಲಿ ಕೀಲಿಕೈನೇ ಷರತ್ತು. ಅಂಥ ಷರತ್ತು ಇತ್ತು ಅಂತ ತೋರಿಸ್ಬೇಕು ಅಂತ ಸುಪ್ರೀಂ ಕೋರ್ಟು 2022ರಲ್ಲಿ ಒಂದು ಕೇಸಲ್ಲಿ ಹೇಳ್ತು, 2025ರ ಜನವರಿಯಲ್ಲಿ ಇನ್ನೊಂದು ಕೇಸಲ್ಲಿ ಕಾಯ್ದೆಯನ್ನ ಉದಾರವಾಗಿ ಓದಿ ತಾಯಿಯ ಪರ ದಾನಪತ್ರ ರದ್ದನ್ನ ಎತ್ತಿಹಿಡೀತು. ಕೋರ್ಟು ಉದಾರವಾಗಿ ಓದ್ಲಿ ಅಂತ ಕಾಯೋ ಬದಲು ಪತ್ರದಲ್ಲೇ ಎರಡು ಸಾಲು ಬರೆದ್ರೆ ಮುಗೀತು: "ದಾನಿಯು ಜೀವಿತವಿರುವವರೆಗೂ ಸದರಿ ಮನೆಯಲ್ಲೇ ವಾಸವಿರಲು ಹಕ್ಕುಳ್ಳವರಾಗಿರುತ್ತಾರೆ. ಅವರ ಊಟ, ಬಟ್ಟೆ, ಔಷಧೋಪಚಾರವನ್ನು ದಾನ ಪಡೆದವರು ನೋಡಿಕೊಳ್ಳತಕ್ಕದ್ದು, ಈ ಷರತ್ತಿನ ಮೇಲೆಯೇ ಈ ದಾನ ಕೊಟ್ಟಿರುತ್ತದೆ". ಆ ಕೊನೇ ತುಂಡು, ಈ ಷರತ್ತಿನ ಮೇಲೆಯೇ, ಅದನ್ನ ಬಿಡಬೇಡಿ. ಬಹಳ ಪತ್ರಗಳಲ್ಲಿ "ಪ್ರೀತಿ ವಿಶ್ವಾಸದಿಂದ" ಅಂತ ಇರುತ್ತೆ ಅಷ್ಟೇ, ಪ್ರೀತಿ ವಿಶ್ವಾಸ ಚೆನ್ನಾಗಿದೆ, ಆದ್ರೆ ಅದಕ್ಕೆ ತಪ್ಪಿದಲ್ಲಿ ಅನ್ನೋ ಕಾಲಿಲ್ಲ.

ಕೆಲಸ, ಸಾಲ, ನಕ್ಷತ್ರ

ಆಫರ್ ಲೆಟರ್ ಪ್ರಿಂಟ್ ತಗೊಳ್ಳೋಕೆ ಬರೋ ಹುಡುಗ್ರಿಗೆ ಎರಡು ಮಾತು. ಕೆಲಸ ಬಿಟ್ಟ ಮೇಲೆ ಬೇರೆ ಕಂಪನೀಲಿ ಇದೇ ಕೆಲಸ ಮಾಡಂಗಿಲ್ಲ ಅನ್ನೋ ಷರತ್ತು ಕರಾರು ಕಾಯ್ದೆ 27ನೇ ಸೆಕ್ಷನ್ ಮುಂದೆ ಸಾಮಾನ್ಯವಾಗಿ ನಿಲ್ಲಲ್ಲ. ಆದ್ರೆ ಇಷ್ಟು ವರ್ಷ ಇರ್ಬೇಕು, ಮುಂಚೆ ಬಿಟ್ರೆ ಇಷ್ಟು ಕಟ್ಬೇಕು ಅನ್ನೋ ಬಾಂಡು ಬೇರೆ ವಿಷಯ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಒಂದು ಸರ್ಕಾರಿ ಬ್ಯಾಂಕಿನ ಮೂರು ವರ್ಷದ, 2 ಲಕ್ಷದ ಷರತ್ತನ್ನ ಸರಿ ಅಂದಿದೆ. ಬಾಂಡೆಲ್ಲ ಬೋಗಸ್ಸು ಅಂತ ಫ್ರೆಂಡ್ಸ್ ಹೇಳಿದ್ರು ಅಂತ ಸಹಿ ಹಾಕ್ಬೇಡಿ.

ಸಾಲದ್ದು ಅಂದ್ರೆ ಕರಾರು ಮೂವತ್ತು ನಲವತ್ತು ಪುಟ, ಯಾರೂ ಓದಲ್ಲ. 2024ರ ಅಕ್ಟೋಬರ್ 1ರಿಂದ ವೈಯಕ್ತಿಕ ಸಾಲಗಳಿಗೆಲ್ಲ ರಿಸರ್ವ್ ಬ್ಯಾಂಕ್ ಹೇಳಿರೋ ಹಂಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅಂತ ಒಂದು ಚಿಕ್ಕ ಪಟ್ಟಿ ಕೊಡ್ಬೇಕು, ವರ್ಷದ ಒಟ್ಟು ಬಡ್ಡಿ ಖರ್ಚು ಎಷ್ಟು, ಏನೇನು ಫೀಸು ಅಂತೆಲ್ಲ ಅದರಲ್ಲಿರುತ್ತೆ, ನಿಮಗೆ ಅರ್ಥ ಆಗೋ ಭಾಷೇಲಿ. ಕನ್ನಡದಲ್ಲಿ ಕೊಡಿ ಅಂತ ಬಾಯಿಬಿಟ್ಟು ಕೇಳಿ, ಕೊನೇ ಪಕ್ಷ ಅದೊಂದನ್ನಾದ್ರೂ ಓದಿ.

ಜಾಹೀರಾತಿನ ಮೂಲೇಲಿ ಇರುವೆ ಸೈಜಿನ "ಷರತ್ತುಗಳು ಅನ್ವಯ", ಮೇಲೊಂದು ನಕ್ಷತ್ರ. ರೇಡಿಯೋದಲ್ಲಿ ಅದನ್ನ ಓದೋ ಸ್ಪೀಡ್ ಕೇಳಿದೀರಲ್ಲ. ಅದರ ಅರ್ಥ ಇಷ್ಟೇ, ದೊಡ್ಡಕ್ಷರದಲ್ಲಿ ಹೇಳಿದ್ದಕ್ಕೆ ಎಲ್ಲೋ ಒಂದು "ಹೀಗಾದ್ರೆ ಮಾತ್ರ" ಇದೆ, ಅಂಗಡಿಯವನನ್ನ ಆ ಒಂದು ಪ್ರಶ್ನೆ ಕೇಳಿ, "ಮಾತ್ರ ಎಲ್ಲಿದೆ ಗುರು?"

ಸಹಿ ಹಾಕೋ ದಿನ

ಕರಡು ಹಿಂದಿನ ದಿನಾನೇ ವಾಟ್ಸಾಪಿಗೆ ತರಿಸ್ಕೊಳ್ಳಿ, ಯಾವ ಅಂಗಡಿಯವರಾದ್ರೂ ಕಳಿಸ್ತಾರೆ. ರಾತ್ರಿ ಊಟ ಆದ್ಮೇಲೆ ಮನೇಲಿ ಒಬ್ಬರ ಮುಂದೆ ಜೋರಾಗಿ ಓದಿ, ಓದುವಾಗ ನಾಲಿಗೆ ಎಲ್ಲಿ ತಡವರಿಸುತ್ತೋ ಅಲ್ಲೇ ಏನೋ ಇದೆ ಅಂತ ಲೆಕ್ಕ. ಮಾತಲ್ಲಿ ಒಪ್ಪಿದ್ದು ಕಾಗದದಲ್ಲಿ ಇಲ್ದಿದ್ರೆ ಅದು ಇಲ್ಲ ಅಂತಾನೇ ಅಂದ್ಕೊಳ್ಳಿ, "ಅಯ್ಯೋ ಅದನ್ನೆಲ್ಲ ಬರೀಬೇಕಾ, ನಾನು ಹೇಳ್ತಾ ಇಲ್ವಾ" ಅನ್ನೋ ಮಾಲೀಕರು ಒಳ್ಳೇವರೇ ಇರಬಹುದು, ನಾಳೆ ಅವರ ಮಗ ಮನೆ ನೋಡ್ಕೊಳ್ಳೋಕೆ ಬಂದ್ರೆ ಅವನಿಗೆ ಹೇಳಿದ್ದು ಗೊತ್ತಿರಲ್ಲ. ದುಡ್ಡಿನ ಮೊತ್ತ ಅಂಕೀಲೂ ಅಕ್ಷರದಲ್ಲೂ ಇರ್ಲಿ. ಖಾಲಿ ಜಾಗ ಬಿಟ್ಟಿದ್ರೆ ಗೆರೆ ಹೊಡೀರಿ. ಕೈಬರಹದಲ್ಲಿ ತಿದ್ದಿದ್ರೆ ತಿದ್ದಿದ ಜಾಗದ ಪಕ್ಕ ಇಬ್ಬರೂ ಚಿಕ್ಕ ಸಹಿ, ಪ್ರತಿ ಪುಟದ ಕೆಳಗೂ ಸಹಿ. ಹಳೇ ಫೈಲಿಂದ ಎತ್ತಿದ ಕರಾರಲ್ಲಿ ಹಿಂದಿನ ಬಾಡಿಗೆದಾರರ ಹೆಸರು ಏಳನೇ ಷರತ್ತಲ್ಲಿ ಹಂಗೇ ಉಳಿದಿರೋದನ್ನ ನಾನೇ ಮಾಡಿದೀನಿ, ಒಂದ್ಸಲ ಅಲ್ಲ, ಹಾಗಾಗಿ ಹೆಸರುಗಳನ್ನ ಬೆರಳಿಟ್ಟು ನೋಡಿ.

ಮೂಲ ಪ್ರತಿ ಮಾಲೀಕರ ಹತ್ರ ಇದ್ರೆ ನಿಮಗೊಂದು ಸಹಿ ಮಾಡಿದ ಜೆರಾಕ್ಸ್, ಜೊತೆಗೆ ಎಲ್ಲಾ ಪುಟದ ಫೋಟೋ ತೆಗೆದು ನಿಮಗೇ ಮೇಲ್ ಮಾಡ್ಕೊಳ್ಳಿ, ಫೋನ್ ಕಳ್ದೋದ್ರೂ ಸಿಗುತ್ತೆ. ಮನೆಗೆ ಕಾಲಿಡೋ ದಿನ ಗೋಡೆ, ನಲ್ಲಿ, ಸ್ವಿಚ್ಚು, ಅದೂ ಮುಖ್ಯವಾಗಿ ಗೀಸರ್, ಆನ್ ಮಾಡಿ ಒಂದು ವಿಡಿಯೋ ಮಾಡಿ ಮಾಲೀಕರಿಗೆ ಅವತ್ತೇ ಕಳಿಸಿಬಿಡಿ.